ಲೆಫ್ಟ್ ಔಟ್ ಆಡುತ್ತಿದ್ದವನ ಕಾಲು

ಆ ಭಾನುವಾರ ಮ್ಯಾಚು ಮುಗಿಸಿ ಬೂಟು ಬಿಚ್ಚಲು ಕೂತವನಿಗೆ ಎಡಗಾಲಿನ ಬೂಟು ಕಳಚಿ ಬಂದದ್ದೇ ಗೊತ್ತಾಗಲಿಲ್ಲ. ಬೂಟು ಕೈಯಲ್ಲಿತ್ತು, ಕಾಲಿಗೆ ಮಾತ್ರ ಅದು ಇನ್ನೂ ಮೆತ್ತಿಕೊಂಡೇ ಇರುವ ಹಾಗೆ ಅನ್ನಿಸುತ್ತಿತ್ತು. ಪಕ್ಕದಲ್ಲಿ ಕೂತು ಬೆವರಿನ ಸಾಕ್ಸ್ ಹಿಂಡುತ್ತಿದ್ದ ಅನ್ವರನಿಗೆ ಹೇಳಿದೆ.

"ಲೇ, ಕಾಲು ಜೋಮು ಹಿಡಿದಂಗೈತೆ ಕಣೋ."

"ಅಷ್ಟು ಓಡಿದ್ರೆ ಜೋಮು ಹಿಡೀದೆ ಇನ್ನೇನು ಗುರು. ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಕೊ, ಸರಿಹೋಗ್ತದೆ," ಅಂದ.

ಉಪ್ಪುನೀರಿನಲ್ಲಿ ಕಾಲಿಟ್ಟುಕೊಂಡೆ. ನೀರು ಬಿಸಿಯಿದೆಯೋ ತಣ್ಣಗಿದೆಯೋ ತಿಳಿಯಲಿಲ್ಲ.

ನಾನು ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯವನು, ಹೆಸರು ನಾರಾಯಣಸ್ವಾಮಿ. ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಎಡಗಡೆಯ ವಿಂಗರ್ ಆಗಿದ್ದೆ. ಆಗ ಅದನ್ನು ಲೆಫ್ಟ್ ಔಟ್ ಅನ್ನುತ್ತಿದ್ದರು. ಎಡಗಡೆಯ ಸುಣ್ಣದ ಗೆರೆಗೆ ಅಂಟಿಕೊಂಡು ಓಡಬೇಕು, ಅಡ್ಡ ಬಂದವನನ್ನು ದಾಟಬೇಕು, ಚೆಂಡನ್ನು ಗೋಲಿನ ಮುಂದಕ್ಕೆ ತೂರಬೇಕು. ಗೋಲು ಹೊಡೆದು ಹೆಸರು ತೆಗೆದುಕೊಳ್ಳುವವರು ಬೇರೆಯವರು. ಆದರೆ ಗೆರೆಯ ಪಕ್ಕ ಓಡುವವನಿಗೆ ನೋಡುವವರ ಮಾತೆಲ್ಲ ಕಿವಿಗೆ ಬೀಳುತ್ತದೆ. ಹೊಗಳಿದ್ದೂ ಬೀಳುತ್ತದೆ, ಮನೆಯವರನ್ನೆಲ್ಲ ಸೇರಿಸಿ ಬೈದದ್ದೂ ಬೀಳುತ್ತದೆ. ನನಗೆ ಎರಡೂ ಇಷ್ಟವಾಗಿದ್ದವು.

ಅನ್ವರ್ ನನ್ನ ಹಿಂದೆ ಲೆಫ್ಟ್ ಬ್ಯಾಕ್ ಆಡುತ್ತಿದ್ದ. ಹೊಸಕೋಟೆ ಪೇಟೆಯವನು, ಅವರಪ್ಪನದು ಸೈಕಲ್ ರಿಪೇರಿ ಅಂಗಡಿ. ಆರು ವರ್ಷ ಒಂದೇ ಬಸ್ಸಿನಲ್ಲಿ ಕೆಲಸಕ್ಕೂ ಪ್ರಾಕ್ಟೀಸಿಗೂ ಹೋಗಿಬಂದವರು ನಾವು. ನಾನು ಮುಂದಕ್ಕೆ ನುಗ್ಗಿದರೆ ಹಿಂದೆ ಖಾಲಿಯಾದ ಜಾಗವನ್ನು ಅವನು ನೋಡಿಕೊಳ್ಳುತ್ತಾನೆ ಅನ್ನುವ ಧೈರ್ಯದ ಮೇಲೆ ನನ್ನ ಇಡೀ ಆಟ ನಿಂತಿತ್ತು.

ತಂಡದಲ್ಲಿ ಯಾರೂ ನನ್ನನ್ನು ನಾರಾಯಣಸ್ವಾಮಿ ಅನ್ನುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಆಡುವಾಗ ನಮ್ಮ ದರ್ಜಿ ಬಿಳಿ ಬನಿಯನ್ನುಗಳ ಮೇಲೆ ಹೆಗಲಿನಿಂದ ಸೊಂಟದವರೆಗೆ ಓರೆಯಾಗಿ ಒಂದು ಕೆಂಪು ಪಟ್ಟಿ ಹೊಲಿದುಕೊಟ್ಟಿದ್ದ. ಆಟಗಾರರನ್ನು ಹುಡುಕಿಕೊಂಡು ಬೆಂಗಳೂರಿನಿಂದ ಬಂದಿದ್ದ ಕೋಚ್ ಡೇವಿಡ್ ಸರ್ ಅದನ್ನು ನೋಡಿ ನಕ್ಕುಬಿಟ್ಟರು. ದಕ್ಷಿಣ ಅಮೆರಿಕದಲ್ಲಿ ಪೆರು ಅಂತ ಒಂದು ದೇಶವಿದೆಯಂತೆ, ಅವರ ಜರ್ಸಿ ಹೀಗೇ ಅಂತೆ. ಆ ದೇಶದ ಒಬ್ಬ ವಿಂಗರನನ್ನು ಅವರು ವಿಶ್ವಕಪ್ಪಿನ ಒಂದು ಫಿಲ್ಮಿನಲ್ಲಿ ನೋಡಿದ್ದರು. "ಹೆಸರು ಮರೆತೋಯ್ತು. ಆದ್ರೆ ಅವನು ಓಡ್ತಾ ಓಡ್ತಾ ಸುಮ್ನೆ ನಿಂತುಬಿಡ್ತಾನೆ. ಎದುರುಗಡೆಯವನೂ ನಿಂತ್ಕೊಳ್ತಾನೆ. ಅಷ್ಟರಲ್ಲಿ ಇವನು ಹೋಗಿಬಿಟ್ಟಿರ್ತಾನೆ. ನಿನ್ನ ಕಾಲಲ್ಲೂ ಅದು ಇದೆ," ಅಂದರು. ಆವತ್ತಿನಿಂದ ನಾನು ಪೆರು ಆದೆ. ಕಾರ್ಖಾನೆಗೆ ಸೇರಿಸಿದವರೂ ಅವರೇ.

ನಮ್ಮವ್ವನ ತವರು ಮಾಲೂರಿನ ಕಡೆ, ಮನೆಮಾತು ತೆಲುಗು. ಅನ್ವರ್ ಮೊದಲ ಸಲ ನಮ್ಮ ಮನೆಗೆ ಬಂದು "ಪೆರು ಇದ್ದಾನಾಮ್ಮ?" ಅಂತ ಕೇಳಿದಾಗ ಅವ್ವ, "ಪೇರು ಇಲ್ದೆ ಯಾರಾದ್ರೂ ಇರ್ತಾರೇನಪ್ಪ? ನಿನ್ ಪೇರೇನು, ಅದು ಹೇಳು ಮೊದ್ಲು," ಅಂದಿದ್ದಳು. ತೆಲುಗಿನಲ್ಲಿ ಪೇರು ಅಂದರೆ ಹೆಸರು. ಈ ಮಾತನ್ನು ಅನ್ವರ್ ತಂಡದವರ ಮುಂದೆ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ.

ಜೋಮು ಭಾನುವಾರಕ್ಕೆ ನಿಲ್ಲಲಿಲ್ಲ. ಮಂಗಳವಾರ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಕಂಬಿ ಹಿಡಿದು ಜೋತುಬಿದ್ದೆ. ಕಂಡಕ್ಟರ್ ನನ್ನನ್ನು ಕುಡಿದವನು ಅಂದುಕೊಂಡ. ಬುಧವಾರ ಬೆಳಗ್ಗೆ ಹಿತ್ತಲಿಗೆ ಹೊರಟವನು ಬಾಗಿಲಿನಲ್ಲೇ ಕುಸಿದೆ. ಎರಡು ವಾರದ ಹಿಂದೆ ಬೇರೆ ಊರಿಗೆ ಆಡಲು ಹೋಗಿ ಹೊಟ್ಟೆ ಕೆಡಿಸಿಕೊಂಡು ಬಂದಿದ್ದೆ. ಅದರ ನಿಶ್ಶಕ್ತಿ ಇರಬೇಕು ಅಂದಳು ಅವ್ವ. ನೆರೆಯವರು ವಾಯು ಅಂದರು, ಕಣ್ಣು ಬಿದ್ದಿದೆ ಅಂದರು. ನನ್ನ ಹೆಂಡತಿ ಮಂಜುಳ ಸೀರೆ ಬದಲಾಯಿಸಿ ಬಂದು, "ಹೊಸಕೋಟೆ ಡಾಕ್ಟ್ರ ಹತ್ರ ಹೋಗಣ, ನಡೀರಿ," ಅಂದಳು. ಹೇಳಿದ ಮೇಲೆ ನಾನು ನಡೆಯಲಾರೆ ಅಂತ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಹೊಸಕೋಟೆಯ ಡಾಕ್ಟರು ನನ್ನನ್ನು ಮೇಜಿನ ಅಂಚಿಗೆ ಕೂರಿಸಿ ಮಂಡಿಯ ಕೆಳಗೆ ರಬ್ಬರಿನ ಸುತ್ತಿಗೆಯಿಂದ ಬಡಿದರು. ಯಾರ ಕಾಲಾದರೂ ಆಗ ತಾನಾಗಿ ಒದೆಯುತ್ತದೆ. ನನ್ನ ಕಾಲು ನೇತಾಡುತ್ತಲೇ ಇತ್ತು. ಇನ್ನೊಂದು ಸಲ ಬಡಿದರು. ಇನ್ನೊಂದು ಕಾಲಿಗೂ ಬಡಿದರು. ಆಮೇಲೆ ಸುತ್ತಿಗೆ ಕೆಳಗಿಟ್ಟು, ಜೊತೆಗೆ ಬಂದಿದ್ದ ನಮ್ಮಪ್ಪನ ಕಡೆ ತಿರುಗಿ, "ಇವತ್ತೇ ಬೆಂಗಳೂರಿಗೆ ಕರ್ಕೊಂಡ್ಹೋಗಿ. ನಾಳೆ ಅನ್ನಬೇಡಿ," ಅಂದರು.

ಅವರು ಬರೆದುಕೊಟ್ಟದ್ದು ನರದ ಕಾಯಿಲೆ, ತಲೆಯ ಕಾಯಿಲೆ ಎರಡನ್ನೂ ನೋಡುವ ದೊಡ್ಡಾಸ್ಪತ್ರೆಗೆ. ನಮ್ಮ ಕಡೆಯವರಿಗೆ ಅದು ಹುಚ್ಚಾಸ್ಪತ್ರೆ. ಮನೆಗೆ ಬಂದು ಬೆಂಗಳೂರಿಗೆ ಹೊರಟಾಗ ಅವ್ವ ಬಾಗಿಲಲ್ಲಿ ಅಡ್ಡ ನಿಂತಳು. "ನನ್ ಮಗುಂಗೆ ಹೋಗಿರೋದು ಕಾಲು. ತಲೆ ಅಲ್ಲ. ಅಲ್ಲಿಗ್ಯಾಕೆ?" ಅಪ್ಪ ನನ್ನನ್ನು ಬೆನ್ನ ಮೇಲೆ ಹೊತ್ತು ತಂದು ಅನ್ವರ್ ಹೊಂದಿಸಿದ್ದ ಮೆಟಡಾರ್ ವ್ಯಾನಿನಲ್ಲಿ ಮಲಗಿಸಿದ. ನನಗಾಗ ಇಪ್ಪತ್ತಾರು. ಅಪ್ಪನ ಬೆನ್ನ ಮೇಲೆ ಏರಿ ಇಪ್ಪತ್ತು ವರ್ಷವಾಗಿತ್ತು.

ಆಸ್ಪತ್ರೆಯ ಹೊರರೋಗಿಗಳ ಹಜಾರದಲ್ಲಿ ಬೆಂಚೊಂದರ ಮೇಲೆ ನನ್ನನ್ನು ಒರಗಿಸಿದರು. ಎದುರು ಬೆಂಚಿನಲ್ಲಿ ನಲವತ್ತರ ಒಬ್ಬ ಹೆಂಗಸು, ಪಕ್ಕದಲ್ಲಿ ಅವಳ ಗಂಡ. ಅವನು ತನ್ನಷ್ಟಕ್ಕೆ ನಗುತ್ತಿದ್ದ. ಅವ್ವ ಮೊದಲು ಸೆರಗು ಬಿಗಿಮಾಡಿಕೊಂಡು ದೂರ ಸರಿದಳು. ಒಂದು ಗಂಟೆ ಕಳೆಯಿತು, ಎರಡಾಯಿತು. ಅಷ್ಟರಲ್ಲಿ ಆ ಹೆಂಗಸು ಎದ್ದು ಬಂದು ನನ್ನ ಕುತ್ತಿಗೆಯ ಕೆಳಗೆ ತನ್ನ ಬಟ್ಟೆಯ ಗಂಟನ್ನು ತೂರಿಸಿ, "ತಲೆ ಜೋಲ್ತಾ ಐತೆ, ನೋಡ್ಕೊಬಾರ್ದಾ ಅಕ್ಕ," ಅಂದಳು. ಅವಳು ಹನ್ನೊಂದು ವರ್ಷದಿಂದ ತಿಂಗಳಿಗೊಂದು ಸಲ ಅಲ್ಲಿಗೆ ಬರುತ್ತಿದ್ದಳಂತೆ. ನನ್ನ ಚೀಟಿ ಕೂಗುವ ಹೊತ್ತಿಗೆ ಅವ್ವ ಅವಳ ಗಂಡನಿಗೆ ನಮ್ಮ ಬುತ್ತಿಯ ಮೊಸರನ್ನ ಕೊಟ್ಟು, "ನಿಧಾನಕ್ಕೆ ತಿನ್ನಪ್ಪ," ಅನ್ನುತ್ತಿದ್ದಳು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಹುಚ್ಚಾಸ್ಪತ್ರೆ ಅನ್ನಲಿಲ್ಲ.

ನಮ್ಮ ವಾರ್ಡಿನ ಡಾಕ್ಟರಮ್ಮ ನನಗಿಂತ ಎರಡು ಮೂರು ವರ್ಷಕ್ಕಷ್ಟೇ ದೊಡ್ಡವರಿದ್ದಿರಬೇಕು. ನನ್ನನ್ನು ಪಕ್ಕಕ್ಕೆ ಮುದುಡಿ ಮಲಗಿಸಿ ಬೆನ್ನುಹುರಿಯಿಂದ ನೀರು ತೆಗೆದರು. ಮಾರನೆಯ ದಿನ ಬಂದು ಜಿಬಿಎಸ್ ಅಂದರು. ಪೂರ್ತಿ ಹೆಸರು ಯಾರೋ ಹೊರದೇಶದ ಡಾಕ್ಟರುಗಳದು, ನನ್ನ ಬಾಯಿಗೆ ಕೊನೆಯವರೆಗೂ ಹತ್ತಲಿಲ್ಲ. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದುಹೋದರೆ ಬಲ್ಬು ಹತ್ತುವುದಿಲ್ಲವಲ್ಲ, ನಿಮ್ಮ ನರಗಳಿಗೂ ಹಾಗೇ ಆಗಿದೆ ಅಂದರು. "ಇದು ಕಾಲಿಂದ ಮೇಲಕ್ಕೆ ಏರುತ್ತೆ. ಒಂದು ಕಡೆ ನಿಲ್ಲುತ್ತೆ. ಆಮೇಲೆ ಇಳಿಯೋಕೆ ಶುರುವಾಗುತ್ತೆ. ಬಹಳ ಜನ ಎದ್ದು ನಡೀತಾರೆ."

"ಎಲ್ಲಿ ನಿಲ್ತದೆ ಮೇಡಂ?" ಅಂತ ಕೇಳಿದಳು ಮಂಜುಳ.

"ಅದು ಹೇಳಕ್ಕಾಗಲ್ಲಮ್ಮ. ಉಸಿರಿಗಿಂತ ಕೆಳಗೆ ನಿಲ್ಲಲಿ ಅಂತ ನಾವೆಲ್ಲ ಕಾಯ್ತೀವಿ."

ಕಾಯುವುದಕ್ಕೆ ಅವರು ಒಂದು ಉಪಾಯ ಹೇಳಿಕೊಟ್ಟರು. ಚೆನ್ನಾಗಿ ಉಸಿರು ಎಳೆದುಕೊಂಡು, ಮತ್ತೆ ಉಸಿರಾಡದೆ, ಒಂದು ಎರಡು ಮೂರು ಅಂತ ಎಣಿಸುತ್ತ ಹೋಗಬೇಕು. ಎಷ್ಟರವರೆಗೆ ಬರುತ್ತದೆ ನೋಡಬೇಕು. ಹತ್ತಕ್ಕಿಂತ ಕೆಳಗೆ ಬಂದರೆ ಗಂಟಲಿಗೆ ಕೊಳವೆ ಹಾಕಿ ಮೆಷಿನ್ನಿಗೆ ಸೇರಿಸುತ್ತಾರೆ. ವಾರ್ಡಿನ ಆಚೆ ತುದಿಯ ಗಾಜಿನ ಕೋಣೆಯಲ್ಲಿ ಅಂಥ ಮೆಷಿನ್ನಿಗೆ ಸೇರಿಸಿದ ಒಬ್ಬರು ಇದ್ದರು. ಅದರ ಸದ್ದು ನನ್ನ ಮಂಚಕ್ಕೆ ಕೇಳುತ್ತಿತ್ತು.

ಮೊದಲ ದಿನ ಮೂವತ್ತೆಂಟರವರೆಗೆ ಎಣಿಸಿದೆ. ಅಷ್ಟು ವರ್ಷ ಓಡಿ ಕಟ್ಟಿದ ಉಸಿರು. ಎರಡನೆಯ ದಿನ ಇಪ್ಪತ್ತೊಂಬತ್ತು. ಆಮೇಲೆ ಇಪ್ಪತ್ತೆರಡು. ಅಷ್ಟರಲ್ಲಿ ಕೈಗಳೂ ಹೋಗಿದ್ದವು. ಮುಖ ಒಂದು ಕಡೆ ಜಾರಿ ಕಣ್ಣು ಮುಚ್ಚಲು ಬರುತ್ತಿರಲಿಲ್ಲ, ಸಿಸ್ಟರು ರೆಪ್ಪೆಗೆ ಟೇಪು ಹಾಕುತ್ತಿದ್ದರು. ನುಂಗಲಾಗದೆ ಮೂಗಿನ ನಳಿಕೆಯಲ್ಲಿ ಗಂಜಿ. ಅವ್ವ ರಾಗಿ ಗಂಜಿಯನ್ನು ತೆಳ್ಳನೆಯ ಬಟ್ಟೆಯಲ್ಲಿ ಮೂರು ಮೂರು ಸಲ ಸೋಸಿ ತರುತ್ತಿದ್ದಳು. ಆಸ್ಪತ್ರೆಯ ಹಾಲಿನ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ.

ಹದಿನೇಳಕ್ಕೆ ಬಂದ ಮಾರನೆಯ ದಿನ ನಾನು ಮೋಸ ಮಾಡಲು ಶುರುಮಾಡಿದೆ. ಬೇಗ ಬೇಗ ಎಣಿಸಿದರೆ ಸಂಖ್ಯೆ ಹೆಚ್ಚಾಗುತ್ತಿತ್ತು. ಡಾಕ್ಟರಮ್ಮ ಇಪ್ಪತ್ತು ಅಂತ ಬರೆದುಕೊಂಡು ಹೋದರು. ಮಂಜುಳ ಊರಿನ ಅಂಗನವಾಡಿಯಲ್ಲಿ ಟೀಚರ್. ಮೂರು ವರ್ಷದ ಮಕ್ಕಳು ಎಣಿಸುವಾಗ ಏಳನ್ನು ನುಂಗಿ ಎಂಟಕ್ಕೆ ಹಾರುವುದನ್ನು ದಿನಾ ಹಿಡಿಯುವವಳು. ಅವರು ಹೋದ ಮೇಲೆ ಸ್ಟೂಲು ಎಳೆದುಕೊಂಡು ಕೂತಳು.

"ರೀ, ಯಾರಿಗೆ ಮೋಸ ಮಾಡ್ತಿದೀರಿ? ಡಾಕ್ಟ್ರಿಗಾ, ನನಗಾ?"

ನನ್ನ ಬಾಯಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ಮೆಷಿನ್ ಬ್ಯಾಡ," ಅಂದೆ.

"ನನಗೂ ಬ್ಯಾಡ. ಆದ್ರೆ ಬೇಕಾದಾಗ ಸಿಗದೇ ಹೋದ್ರೆ?" ಅಂದವಳು ಮಂಚದ ಕಬ್ಬಿಣದ ಮೇಲೆ ಬಳೆಯಿಂದ ಒಂದೊಂದೇ ತಟ್ಟತೊಡಗಿದಳು. "ನಾನು ತಟ್ಟಿದಂಗೆ ಎಣಿಸ್ಬೇಕು. ಮುಂದೆ ಓಡಂಗಿಲ್ಲ."

ಬಳೆಯ ಲೆಕ್ಕದಲ್ಲಿ ಹನ್ನೆರಡು ಬಂತು. ಅವಳೇ ಎದ್ದು ಹೋಗಿ ಡಾಕ್ಟರಮ್ಮನನ್ನು ಕರೆದುಕೊಂಡು ಬಂದು ಇಪ್ಪತ್ತನ್ನು ಹೊಡೆದುಹಾಕಿಸಿದಳು. ನನ್ನನ್ನು ಗಾಜಿನ ಕೋಣೆಯ ಬಾಗಿಲ ಪಕ್ಕದ ಮಂಚಕ್ಕೆ ಸಾಗಿಸಿದರು.

ಮಾರನೆಯ ದಿನ ಹನ್ನೊಂದು. ಅದರ ಮಾರನೆಯ ದಿನವೂ ಹನ್ನೊಂದು. ಗಂಟೆಗೊಂದು ಸಲ ಎಣಿಸುತ್ತಿದ್ದೆವು. ಹತ್ತನ್ನು ದಾಟಿ ಹನ್ನೊಂದು ಅನ್ನುವಾಗ ಅವಳ ಬಳೆಯ ಸದ್ದು ಅರೆಕ್ಷಣ ತಡವಾಗುತ್ತಿತ್ತು, ನನಗೆ ಗೊತ್ತಾಗುತ್ತಿತ್ತು. ಹೆದರಿಕೆ ಹೇಗಿರುತ್ತದೆ ಅಂತ ಯಾರಾದರೂ ಕೇಳಿದರೆ ನನಗೆ ಆ ತಡವಷ್ಟೇ ನೆನಪಾಗುತ್ತದೆ. ಮೂರನೆಯ ದಿನ ಮಧ್ಯಾಹ್ನ ಹನ್ನೊಂದು ಆದಮೇಲೂ ಉಸಿರು ಉಳಿದಿತ್ತು. ಹನ್ನೆರಡು ಅಂದೆ, ಹದಿಮೂರು ಅಂದೆ. ಮಂಜುಳ ತಟ್ಟುವುದನ್ನು ನಿಲ್ಲಿಸಿ ಹಣೆಯನ್ನು ಮಂಚದ ಕಂಬಿಗೆ ಒತ್ತಿಕೊಂಡು ಕೂತಳು. ಡಾಕ್ಟರಮ್ಮ ತಾವೇ ಒಂದು ಸಲ ಎಣಿಸಿ ನೋಡಿ, "ನಿಂತಿದೆ," ಅಂದರು. ಅಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದರು.

ಏರುವುದು ನಿಂತಿತು ಅಂದಮಾತ್ರಕ್ಕೆ ಇಳಿಯುವುದು ಶುರುವಾಗಲಿಲ್ಲ. ಹಲವು ದಿನ ಮರದ ದಿಮ್ಮಿಯ ಹಾಗೆ ಬಿದ್ದಿದ್ದೆ. ಕಾಲಿನ ಕೀಲುಗಳು ಬಿಗಿಯದಂತೆ ದಿನಕ್ಕೆ ನಾಲ್ಕು ಸಲ ಮಡಚಿ ಬಿಡಿಸಬೇಕಿತ್ತು. ಆ ಕೆಲಸವನ್ನು ಅಪ್ಪ ತಾನೇ ವಹಿಸಿಕೊಂಡ. ಜೀವನವಿಡೀ ಟೊಮೆಟೊ, ಹಿಪ್ಪುನೇರಳೆ ಬೆಳೆದವನು, ಮಾತು ಕಮ್ಮಿ. ನನ್ನ ಆಟ ನೋಡಲು ಒಂದು ದಿನವೂ ಬಂದವನಲ್ಲ. ಭಾನುವಾರದ ಮ್ಯಾಚು ಅಂದರೆ ತೋಟಕ್ಕೆ ಒಂದಾಳು ಕಮ್ಮಿ ಅಂತಷ್ಟೇ ಅವನ ಲೆಕ್ಕ. ಈಗ ಅದೇ ಕಾಲನ್ನು ಅಂಗೈಯಲ್ಲಿಟ್ಟುಕೊಂಡು, ಎಳೆಯ ಬಳ್ಳಿ ಕಟ್ಟುವ ಹಾಗೆ ಮೆಲ್ಲಗೆ ಮಡಚುತ್ತಿದ್ದ. ಒಂದು ದಿನ ಮೊಣಕಾಲ ಕೆಳಗಿನ ಹಳೆಯ ಗಾಯದ ಗುರುತುಗಳನ್ನು ಬೆರಳಿನಿಂದ ಮುಟ್ಟುತ್ತ, "ಇದು ಯಾವಾಗ ಆಗಿದ್ದು? ಇದು?" ಅಂತ ಒಂದೊಂದನ್ನೇ ಕೇಳಿದ. ನಾನು ತೊದಲುತ್ತ ಒಂದೊಂದು ಮ್ಯಾಚಿನ ಕಥೆ ಹೇಳಿದೆ.

ಅನ್ವರ್ ಪ್ರತಿ ಮ್ಯಾಚಿನ ಮಾರನೆಯ ದಿನ ಸಂಜೆ ಬರುತ್ತಿದ್ದ. ಮಂಚಗಳ ನಡುವಿನ ಜಾಗದಲ್ಲಿ ನಿಂತು ಎಡಗಡೆಯ ಆಟವನ್ನೆಲ್ಲ ಮಾಡಿ ತೋರಿಸುತ್ತಿದ್ದ. ಪಕ್ಕದ ಮಂಚದವರೂ ಕಾಯುತ್ತಿದ್ದರು. ನನ್ನ ಜಾಗಕ್ಕೆ ಹೊಸಬನೊಬ್ಬ ಬಂದಿದ್ದಾನೆಂದು ಹೇಳಲು ಅವನಿಗೆ ಎರಡು ವಾರ ಬೇಕಾಯಿತು.

"ಹೆಂಗೆ ಆಡ್ತಾನೋ?" ಅಂದೆ.

"ಚೆನ್ನಾಗೇ ಆಡ್ತಾನೆ. ಸ್ಪೀಡೂ ಐತೆ." ನನ್ನ ಹೊದಿಕೆಯ ಅಂಚನ್ನು ಸರಿಮಾಡುತ್ತ ಹೇಳಿದ, "ಆದ್ರೆ ಮುಂದಕ್ಕೆ ಹೋಗುವಾಗ ನಾನಿದೀನಾ ಅಂತ ತಿರುಗಿ ನೋಡ್ತಾನೆ. ನೀನು ಆರು ವರ್ಷದಲ್ಲಿ ಒಂದ್ ಸಲಾನೂ ನೋಡಿಲ್ಲ ಕಣೋ."

ಆವತ್ತು ಅವನು ಹೋದ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿರಲಿಲ್ಲ, ಎದುರಿಗೆ ಸಿಕ್ಕಿದವಳು ಮಂಜುಳ. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ನಿನ್ನ ತವರು ಕುಂದಾಣಕ್ಕೆ ಹೋಗಿಬಿಡು, ಈ ಹೆಣದ ಹತ್ತಿರ ಯಾಕೆ ಕೂತಿದ್ದೀಯ ಅಂದೆ. ಅವಳು ನನ್ನ ಜೊಲ್ಲು ಒರೆಸುತ್ತಿದ್ದಳು. ಒರೆಸುವುದನ್ನು ಮುಗಿಸಿಯೇ ಮಾತಾಡಿದಳು.

"ಕುಂದಾಣದ ಬಸ್ಸು ಎಲ್ಲಿ ಸಿಗ್ತದೆ ಅಂತ ನನಗೂ ಗೊತ್ತು. ನೀವು ಮೊದ್ಲು ಬಾಯಿ ಒರೆಸ್ಕೊಳ್ಳೋದು ಕಲೀರಿ. ಆಮೇಲೆ ನನ್ನ ಕಳಿಸೋದು ನೋಡಣ."

ನನಗೆ ನಗು ಬಂತು. ಮುಖ ಒಂದೇ ಕಡೆ ನಕ್ಕಿತು. ಅದನ್ನು ನೋಡಿ ಅವಳೂ ನಕ್ಕಳು, ಆಮೇಲೆ ತಟ್ಟೆ ತೊಳೆಯುವ ನೆಪದಲ್ಲಿ ಎದ್ದು ಹೋದಳು. ಬಹಳ ಹೊತ್ತು ಬರಲಿಲ್ಲ.

ಬಲಗಾಲಿನ ಹೆಬ್ಬೆರಳು ಅಲ್ಲಾಡಿದ್ದನ್ನು ಮೊದಲು ಕಂಡವನು ಅಪ್ಪ. "ನೀನು ಅಲ್ಲಾಡಿಸಿದ್ಯಾ, ತಾನಾಗೇ ಅಲ್ಲಾಡ್ತಾ?" ಅಂತ ಕೇಳಿದ. ನಾನೇ ಅಂದೆ. "ಇನ್ನೊಂದ್ಸಲ ಮಾಡು." ಮಾಡಿದೆ. ಅವನು ಹೊರಗೆ ಹೋಗಿ ವರಾಂಡದಲ್ಲಿದ್ದ ಗೊತ್ತಿಲ್ಲದವರಿಗೆಲ್ಲ ಹೇಳಿಬಂದ ಅಂತ ಅವ್ವ ಆಮೇಲೆ ಹೇಳಿದಳು.

ಒಂದೂವರೆ ತಿಂಗಳಿಗೆ ಊರಿಗೆ ಕಳಿಸಿದರು. ಹಿಡಿದುಕೊಂಡು ನಡೆಯಲು ಅಂತ ಅಪ್ಪ ಅಂಗಳದಲ್ಲಿ ನೀಲಗಿರಿ ಕಂಬಗಳನ್ನು ನೆಟ್ಟು, ಸೊಂಟದೆತ್ತರಕ್ಕೆ ಎರಡು ಗಳುಗಳನ್ನು ಉದ್ದಕ್ಕೆ ಕಟ್ಟಿದ. ದಾರಿಯಲ್ಲಿ ಹೋಗುವವರು, "ಹೊಸಾ ಕೊಟ್ಟಿಗೆ ಹಾಕ್ತಿದೀರಾ?" ಅಂತ ಕೇಳುತ್ತಿದ್ದರು. "ಹೂಂ, ಒಂದು ಹೋರಿ ಐತೆ," ಅನ್ನುತ್ತಿದ್ದಳು ಅವ್ವ. ಮೊದಲ ದಿನ ಎರಡು ಹೆಜ್ಜೆ. ಬೆಳಗಿನ ಹೊತ್ತು ಅಂಗನವಾಡಿಗೆ ಹೋಗುವ ಮಕ್ಕಳು ಬೇಲಿಯ ಹತ್ತಿರ ನಿಂತು ಮಂಜುಳ ಟೀಚರ್ ಗಂಡ ಬೀಳುವುದನ್ನು ನೋಡಿ ಹೋಗುತ್ತಿದ್ದರು. ಬೀಳದ ದಿನ ಅವುಗಳಿಗೆ ಬೇಜಾರು.

ಐದಾರು ತಿಂಗಳಿಗೆ ಕೋಲು ಬಿಟ್ಟೆ. ಬಲಗಾಲು ಪೂರ್ತಿ ಬಂತು. ಎಡಗಾಲು ಕಣಕಾಲಿನವರೆಗೆ ಬಂದು ನಿಂತಿತು. ಪಾದದ ಮುಂಭಾಗ ಎತ್ತಲು ಬರುವುದಿಲ್ಲ, ಇವತ್ತಿಗೂ ಇಲ್ಲ. ಪಾದ ನೆಲಕ್ಕೆ ಬಡಿಯದಂತೆ ಮೊಣಕಾಲಿನ ಕೆಳಗಿನಿಂದ ಅಂಗಾಲಿನವರೆಗೆ ಪ್ಲಾಸ್ಟಿಕ್ಕಿನ ಪಟ್ಟಿಯೊಂದನ್ನು ಕಟ್ಟಿಕೊಂಡು, ಅದರ ಮೇಲೆ ಬೂಟು ಹಾಕುತ್ತೇನೆ.

ಹತ್ತು ತಿಂಗಳಾದ ಮೇಲೆ ಒಂದು ಸಂಜೆ ಕಾರ್ಖಾನೆಯ ಮೈದಾನಕ್ಕೆ ಹೋದೆ. ಅನ್ವರ್ ಮತ್ತು ಡೇವಿಡ್ ಸರ್ ಬಿಟ್ಟರೆ ಯಾರೂ ಇರಲಿಲ್ಲ. ನಾನೇ ಹಾಗೆ ಕೇಳಿಕೊಂಡಿದ್ದೆ. ಎಡಗಡೆಯ ಗೆರೆಯ ಹತ್ತಿರ ನನ್ನ ಜಾಗದಲ್ಲಿ ನಿಂತೆ. ಅನ್ವರ್ ಹಿಂದಿನಿಂದ ಚೆಂಡು ತಳ್ಳಿದ, ಎಂದೂ ತಳ್ಳದಷ್ಟು ಮೆಲ್ಲಗೆ. ನಾನು ಹೊರಟೆ. ನಾಲ್ಕನೇ ಹೆಜ್ಜೆಗೆ ಪಾದ ಹುಲ್ಲಿಗೆ ಸಿಕ್ಕಿ ಮುಗ್ಗರಿಸಿದೆ. ಚೆಂಡು ನನ್ನನ್ನು ದಾಟಿ ಗೆರೆಯಾಚೆ ಹೋಯಿತು. ಇನ್ನೂ ಮೂರು ಸಲ ನೋಡಿದೆವು. ಆಮೇಲೆ ಅನ್ವರ್ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಪಕ್ಕ ಕೂತ. ಡೇವಿಡ್ ಸರ್ ಬಂದು ಇನ್ನೊಂದು ಪಕ್ಕ ಕೂತರು. ಅವರು ಸಮಾಧಾನ ಹೇಳಲಿಲ್ಲ. "ಸ್ಟೋರ್ಸಿನಲ್ಲಿ ಕೆಲಸ ಮಾತಾಡಿದೀನಿ. ಕೂತು ಮಾಡೋದು. ಸೋಮವಾರ ಬಾ ಪೆರು," ಅಂದರು. ಕತ್ತಲಾಗುವ ಮೊದಲು ಮೂವರೂ ಎದ್ದೆವು.

ಮನೆಯಲ್ಲಿ ಅಪ್ಪ ಜಗಲಿಯ ಮೇಲೆ ಕಾಯುತ್ತಿದ್ದ.

"ಓಡಕ್ಕಾಯ್ತಾ?"

"ಇಲ್ಲಪ್ಪ."

ಅವನು ಅಂಗಳದ ಕಂಬಗಳ ಕಡೆ ನೋಡಿದ. "ನಾನು ಒಂದ್ಸಲಾನಾದ್ರೂ ಬಂದು ನೋಡ್ಬೇಕಾಗಿತ್ತು," ಅಂದ. ಆ ವಿಷಯ ಅವನು ಮಾತಾಡಿದ್ದು ಅದೊಂದೇ ಸಲ.

ಆಮೇಲಿನ ಒಂದು ವರ್ಷ ನಾನು ಮೈದಾನದ ಕಡೆ ತಲೆಹಾಕಲಿಲ್ಲ. ಸ್ಟೋರ್ಸಿನಲ್ಲಿ ಬೋಲ್ಟು ನಟ್ಟುಗಳ ನಡುವೆ ಕೂತು ಯಾರ ಜೊತೆಗೂ ಸೇರುತ್ತಿರಲಿಲ್ಲ. ಅದನ್ನು ಹೇಳದೆ ಬಿಟ್ಟರೆ ಸುಳ್ಳಾಗುತ್ತದೆ. ಕಾಲಿಗಿಂತ ಮನಸ್ಸು ವಾಸಿಯಾಗಲು ಹೆಚ್ಚು ದಿನ ಹಿಡಿಯಿತು. ಮಂಜುಳ ಒತ್ತಾಯ ಮಾಡಲಿಲ್ಲ, ಅನ್ವರ್ ಮಾತ್ರ ಪ್ರತಿ ಭಾನುವಾರ ಬಸ್ ಸ್ಟಾಂಡಿನಲ್ಲಿ ನಿಂತು, "ಬರ್ತೀಯಾ?" ಅಂತ ಕೇಳಿ ಹೋಗುತ್ತಿದ್ದ. ಒಂದು ಭಾನುವಾರ ಬರ್ತೀನಿ ಅಂದೆ.

ಅದೇ ದಿನಗಳಲ್ಲಿ ಆಸ್ಪತ್ರೆಗೆ ಪರೀಕ್ಷೆಗೆಂದು ಹೋದಾಗ ಡಾಕ್ಟರಮ್ಮ ನನ್ನ ಕಾಲು ನೋಡಿ ಮುಗಿಸಿ, "ನಿಮಗೆ ಆತುರವೇನೂ ಇಲ್ಲ ಅಂದ್ರೆ ಒಂದು ಉಪಕಾರ ಮಾಡ್ತೀರಾ?" ಅಂದರು. ವಾರ್ಡಿಗೆ ಕರೆದುಕೊಂಡು ಹೋದರು. ದೊಡ್ಡಬಳ್ಳಾಪುರದ ಕಡೆಯ ನೇಕಾರರೊಬ್ಬರು ಮಲಗಿದ್ದರು. ನಲವತ್ತೈದರ ಆಸುಪಾಸು, ಒಂದು ಕಣ್ಣಿನ ರೆಪ್ಪೆಗೆ ಟೇಪು, ಮೂಗಿನಲ್ಲಿ ನಳಿಕೆ. ಪಕ್ಕದಲ್ಲಿ ಅವರ ಹೆಂಡತಿ.

"ಇವರಿಗೂ ಇದೇ ಆಗಿತ್ತು, ಇದಕ್ಕಿಂತ ಜೋರಾಗೇ ಆಗಿತ್ತು," ಅಂತ ಡಾಕ್ಟರಮ್ಮ ನನ್ನನ್ನು ತೋರಿಸಿದರು. ಆ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಂಬಿದ ಹಾಗೆ ಕಾಣಲಿಲ್ಲ.

"ಇವ್ರು ತಿರ್ಗಾ ಮಗ್ಗದ ಮುಂದೆ ನಿಂತ್ಕೊಳ್ತಾರಾ ಅಣ್ಣ?" ಅಂದರು.

ಪ್ಯಾಂಟಿನ ಕಾಲು ಮಡಚಿ ಪಟ್ಟಿಯನ್ನು ತೋರಿಸಿದೆ. "ಇದು ಉಳ್ಕೊಂಡದ್ದು ಅಕ್ಕ. ಮಿಕ್ಕಿದ್ದೆಲ್ಲ ವಾಪಸ್ ಬಂತು," ಅಂದೆ. ಆಮೇಲೆ ಮಂಚಗಳ ಸಾಲಿನ ನಡುವೆ ಗಾಜಿನ ಕೋಣೆಯವರೆಗೆ ನಡೆದು ಹೋಗಿ ತಿರುಗಿ ಬಂದೆ. ಅಷ್ಟು ಹೊತ್ತೂ ಆ ಮನುಷ್ಯ ನನ್ನ ಮುಖ ನೋಡಲಿಲ್ಲ. ಟೇಪು ಹಾಕದೆ ಉಳಿದ ಒಂದು ಕಣ್ಣಿನಿಂದ ನನ್ನ ಪಾದಗಳನ್ನೇ ನೋಡುತ್ತಿದ್ದರು. ಎಡಗಾಲು ಎಲ್ಲಿ ಎಳೆಯುತ್ತದೆ, ಎಲ್ಲಿ ಊರುತ್ತದೆ, ಎಲ್ಲವನ್ನೂ ನೋಡುತ್ತಿದ್ದರು. ನಾನು ಮಂಚದ ಹತ್ತಿರ ಬಂದು ನಿಂತಾಗ ಅವರ ತುಟಿ ಅಲ್ಲಾಡಿತು. ಅವರ ಹೆಂಡತಿ ಬಗ್ಗಿ ಕಿವಿಗೊಟ್ಟು ಕೇಳಿ ನನ್ನ ಕಡೆ ತಿರುಗಿದರು.

"ಇನ್ನೊಂದ್ಸಲ ನಡೀಬೇಕಂತೆ ಅಣ್ಣ."

ನಾನು ಇನ್ನೊಂದು ಸಲ ನಡೆದೆ.